ಕ್ರೂಸ್ ಟಿಕೆಟಿಗಿಂತ ಮೊದಲು ಹಿರಿಯರ ಮಾತ್ರೆ ಡಬ್ಬಿ ತೆರೆಯಿರಿ

ಕಳೆದ ತಿಂಗಳು ನನ್ನ ದವಾಖಾನೆಗೆ ಒಬ್ಬ ಸಹೋದರಿ ಬಂದಿದ್ದರು. ಅವರ ಮೈದುನ ದುಬೈಯಲ್ಲಿ ಕೆಲಸದಲ್ಲಿದ್ದಾರೆ. ಚಳಿಗಾಲದ ರಜೆಯಲ್ಲಿ ಮನೆಮಂದಿಯನ್ನೆಲ್ಲ ಅಲ್ಲಿಗೆ ಕರೆಸಿಕೊಂಡು ಏಳು ರಾತ್ರಿಗಳ ಕ್ರೂಸ್ ಪ್ರವಾಸ ಮಾಡಿಸಬೇಕೆಂಬುದು ಅವರ ಆಸೆ. ದುಬೈಯಿಂದ ಹೊರಟು ಅಬುಧಾಬಿ, ದೋಹಾ, ಬಹರೈನ್ ಬಂದರುಗಳನ್ನು ಮುಟ್ಟಿ ಮತ್ತೆ ದುಬೈಗೆ ಮರಳುವ ಹಡಗು. ಮಕ್ಕಳಿಗೆ ಈಜುವ ಬಟ್ಟೆ ಕೊಂಡದ್ದಾಗಿದೆ, ಹಡಗಿನ ವೀಡಿಯೊಗಳನ್ನೆಲ್ಲ ನೋಡಿ ಮುಗಿದಿದೆ. "ಡಾಕ್ಟರ್ ಆಪಾ, ಹಡಗಿನಲ್ಲಿ ವಾಂತಿ ಬಾರದ ಹಾಗೆ ಏನಾದರೂ ಮಾಜೂನ್ ಕೊಡಿ" ಎಂದರು.

ಜೊತೆಗೆ ಅವರ ಅತ್ತೆಯೂ ಬಂದಿದ್ದರು. ಮೂಲೆಯ ಕುರ್ಚಿಯಲ್ಲಿ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. "ಖಾಲಾ, ನೀವು ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದೆ. ಅವರು ಸೊಸೆಯ ಮುಖ ನೋಡಿದರು. ಸೊಸೆ, "ಶುಗರಿಗೆ ಒಂದು, ಬಿಪಿಗೆ ಒಂದು, ರಾತ್ರಿ ಕಾಲು ಉರಿಗೆ ಒಂದು" ಎಂದರು. ಮಾತ್ರೆಗಳ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ.

ವಾಂತಿಯ ಮದ್ದು ಕೊಡುವುದು ಕಷ್ಟವಲ್ಲ. ಆದರೆ ಆ ಮನೆಯವರು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ ಎಂದು ನನಗನಿಸಿತು. ನಮ್ಮಲ್ಲಿ ಈಗ ಹಲವು ಕುಟುಂಬಗಳು ಮೊದಲ ಬಾರಿಗೆ ಇಂಥ ಹಡಗು ಹತ್ತುತ್ತಿವೆ. ಇದು ದುಂದುವೆಚ್ಚವೇ ಅಲ್ಲವೇ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ವೈದ್ಯೆಯಾಗಿ ನನ್ನ ಅಭಿಪ್ರಾಯ ಇಷ್ಟೆ: ಕುಟುಂಬದ ಕ್ರೂಸ್ ಯಾತ್ರೆಯ ಯೋಜನೆ ಮನೆಯ ಅತ್ಯಂತ ದುರ್ಬಲ ವ್ಯಕ್ತಿಯಿಂದ ಆರಂಭವಾಗಬೇಕು. ಯಾವ ಹಡಗು, ಎಷ್ಟು ರಾತ್ರಿ, ಯಾವ ಕೋಣೆ, ಯಾವ ಬಂದರಿನಲ್ಲಿ ಇಳಿಯುವುದು, ಎಲ್ಲವೂ ಆ ವ್ಯಕ್ತಿಯ ದೇಹವನ್ನು ನೋಡಿ ನಿರ್ಧಾರವಾಗಬೇಕು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಮಕ್ಕಳ ಉತ್ಸಾಹ ನೋಡಿ ಟಿಕೆಟ್ ಕೊಳ್ಳುತ್ತೇವೆ, ಹಿರಿಯರನ್ನು ಲಗೇಜಿನ ಜೊತೆ ಸೇರಿಸಿಕೊಳ್ಳುತ್ತೇವೆ.

ಇದನ್ನು ಬೇರೆಯವರ ಮೇಲೆ ಹೊರಿಸಿ ಹೇಳುತ್ತಿಲ್ಲ. ಮೂರು ವರ್ಷಗಳ ಹಿಂದೆ ನಾವೇ ಈ ತಪ್ಪು ಮಾಡಿದೆವು.

ನಮ್ಮದು ಬಯಲುಸೀಮೆಯ ಊರು. ಅಮ್ಮಿ ಎಪ್ಪತ್ತೊಂದು ವರ್ಷದವರೆಗೆ ಕೆರೆಯ ದೋಣಿಯನ್ನೂ ಹತ್ತಿದವರಲ್ಲ. ಶಾರ್ಜಾದಲ್ಲಿರುವ ನನ್ನ ತಮ್ಮ ಎಲ್ಲರಿಗೂ ಟಿಕೆಟ್ ಮಾಡಿಸಿದ. ನಾನು ಡಾಕ್ಟರ್ ಎಂಬ ಧೈರ್ಯದಲ್ಲಿ ಯಾರೂ ಹೆಚ್ಚೇನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಮೊದಲ ಎರಡು ದಿನ ಚೆನ್ನಾಗಿಯೇ ಕಳೆಯಿತು. ಮೂರನೆಯ ದಿನ ನಸುಕಿನಲ್ಲಿ ಫಜ್ರ್ ನಮಾಝಿಗೆಂದು ಎದ್ದ ಅಮ್ಮಿ ನಮ್ಮನ್ನು ಎಬ್ಬಿಸಲು ಮನಸ್ಸಾಗದೆ ಒಬ್ಬರೇ ಸ್ನಾನದ ಕೋಣೆಗೆ ಹೋದರು. ಮನೆಯಲ್ಲಿ ನಲ್ಲಿಯ ಬಳಿ ಮಣೆಯ ಮೇಲೆ ಕುಳಿತು ವುಝೂ ಮಾಡಿ ಅಭ್ಯಾಸವಾದವರು. ಅಲ್ಲಿ ಕುಳಿತುಕೊಳ್ಳಲು ಜಾಗವೆಲ್ಲಿ? ಕಾಲನ್ನು ಎತ್ತಿ ವಾಶ್ ಬೇಸಿನ್ ಮೇಲೆ ಇಟ್ಟರು. ನೆಲದಲ್ಲಿ ನೀರಿತ್ತು. ಬಿದ್ದ ಸದ್ದಿಗೆ ನಾವು ಎಚ್ಚರಗೊಂಡೆವು.

ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ತಲೆಗೆ ಪೆಟ್ಟಾಗಲಿಲ್ಲ, ಸೊಂಟದ ಮೂಳೆ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವವರು ಎಷ್ಟು ಮಂದಿ ಎಂಬುದು ನನ್ನ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಹಡಗಿನ ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ತೆಗೆದು ಪಟ್ಟಿ ಕಟ್ಟಿದರು, ಒಳ್ಳೆಯ ಮನಸ್ಸಿನಿಂದಲೇ ನೋಡಿಕೊಂಡರು. ಬಿಲ್ಲು ಮಾತ್ರ ಡಾಲರಿನಲ್ಲಿ ಬಂತು. ನಮ್ಮೂರಿನ ಲೆಕ್ಕದಲ್ಲಿ ಹಲವು ತಿಂಗಳ ಮನೆ ಬಾಡಿಗೆ.

ಆ ಸ್ನಾನದ ಕೋಣೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಪ್ರವಾಸದ ಜಾಹೀರಾತುಗಳಲ್ಲಿ ಅದರ ಚಿತ್ರ ಇರುವುದಿಲ್ಲ. ಕ್ರೂಸ್ ಹಡಗಿನ ಸಾಮಾನ್ಯ ಕೋಣೆಯ ಬಾತ್‌ರೂಂ ನಮ್ಮ ಮನೆಯ ಬಟ್ಟೆ ಕಪಾಟಿಗಿಂತ ತುಸು ದೊಡ್ಡದು ಎಂದರೂ ತಪ್ಪಿಲ್ಲ. ಹೆಚ್ಚಾಗಿ ಬಾಗಿಲಲ್ಲಿ ಎತ್ತರದ ಹೊಸ್ತಿಲಿರುತ್ತದೆ, ಕತ್ತಲಲ್ಲಿ ಎಡವಲು ಅದೊಂದೇ ಸಾಕು. ಯುರೋಪಿನ ಕಂಪನಿಗಳ ಹಡಗುಗಳ ಶೌಚಾಲಯದಲ್ಲಿ ಸಾಮಾನ್ಯವಾಗಿ ಕಾಗದ ಮಾತ್ರ ಇರುತ್ತದೆ, ನೀರಿನ ಪೈಪ್ ಇರುವುದಿಲ್ಲ. ನಾವು ನೀರಿನಿಂದಲೇ ಶುಚಿಯಾಗುವವರು. ಹಾಗಾಗಿ ಬಾಟಲಿಯಲ್ಲಿ, ಲೋಟದಲ್ಲಿ ನೀರು ಒಯ್ಯುತ್ತೇವೆ, ಅದು ನೆಲಕ್ಕೆ ಚೆಲ್ಲುತ್ತದೆ, ಮುಂದೆ ಹೋದವರು ಜಾರುತ್ತಾರೆ. ಒಂದು ಪ್ಲಾಸ್ಟಿಕ್ ಮಗ್ಗು, ಹಿಡಿತವಿರುವ ರಬ್ಬರ್ ಚಪ್ಪಲಿ, ನೆಲ ಒರೆಸಲು ಹಳೆಯ ಟವೆಲ್, ರಾತ್ರಿ ಉರಿಯುವ ಸಣ್ಣ ದೀಪ, ಇಷ್ಟನ್ನು ಮನೆಯಿಂದಲೇ ಒಯ್ದರೆ ಸಾಕು. ಹಿರಿಯರು ಕಮೋಡಿನ ಮುಚ್ಚಳ ಮುಚ್ಚಿ ಅದರ ಮೇಲೆ ಕುಳಿತು, ಕಾಲ ಕೆಳಗೆ ಬಕೆಟ್ಟನ್ನೋ ಅಗಲ ಪಾತ್ರೆಯನ್ನೋ ಇಟ್ಟುಕೊಂಡು ಕಾಲು ತೊಳೆಯಬಹುದು. ಪಾತ್ರೆಯನ್ನು ಕೋಣೆ ನೋಡಿಕೊಳ್ಳುವ ಸಿಬ್ಬಂದಿಯಲ್ಲಿ ಕೇಳಿದರೆ ಕೊಡುತ್ತಾರೆ. ಪ್ರಯಾಣಿಕರಿಗೆ ಇರುವ ರಿಯಾಯಿತಿಗಳ ಬಗ್ಗೆಯೂ ಹೊರಡುವ ಮೊದಲೇ ಆಲಿಮರಲ್ಲಿ ವಿಚಾರಿಸಿ ಅಮ್ಮಿಗೆ ಹೇಳಿಡಬೇಕಿತ್ತು. ನಾವು ಹೇಳಿರಲಿಲ್ಲ.

ಅಂಗವಿಕಲರಿಗೆಂದು ಕಟ್ಟಿದ ಕೋಣೆಗಳು ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಕೆಲವು ಇರುತ್ತವೆ. ಹೊಸ್ತಿಲಿಲ್ಲದ ಬಾತ್‌ರೂಂ, ಗೋಡೆಗೆ ಹಿಡಿಕೆ, ಕುಳಿತು ಸ್ನಾನ ಮಾಡಲು ಆಸನ. ಇವು ಬೇಗ ತುಂಬಿಬಿಡುತ್ತವೆ. ಬುಕ್ ಮಾಡುವ ದಿನವೇ ಕೇಳಬೇಕು. ಅದು ಸಿಗದಿದ್ದರೆ ಲಿಫ್ಟಿಗೆ ಹತ್ತಿರದ ಕೋಣೆಯನ್ನಾದರೂ ಕೇಳಿ. ದೊಡ್ಡ ಹಡಗುಗಳು 300 ಮೀಟರಿಗೂ ಉದ್ದ ಇರುತ್ತವೆ. ಕೋಣೆಯಿಂದ ಊಟದ ಹಾಲ್‌ಗೆ ದಿನಕ್ಕೆ ಮೂರು ಸಲ ಹೋಗಿ ಬಂದರೆ ಮೊಣಕಾಲು ನೋವಿರುವವರಿಗೆ ಅದೇ ದೊಡ್ಡ ನಡಿಗೆ. ಗಾಲಿಕುರ್ಚಿ ಬೇಕೆಂದು ಹೇಳಲು ನಮ್ಮ ಹಿರಿಯರಿಗೆ ನಾಚಿಕೆ. ಮಕ್ಕಳು ಕೇಳಬೇಕು.

ಈಗ ಮಾತ್ರೆಗಳ ವಿಷಯ. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಒಪ್ಪಿಸಬೇಕು, ಅವು ಕೋಣೆಗೆ ತಲುಪುವಾಗ ಸಂಜೆಯಾಗಿರುತ್ತದೆ. ಇನ್ಸುಲಿನ್, ಶುಗರ್ ನೋಡುವ ಯಂತ್ರ, ಬಿಪಿ ಮಾತ್ರೆ, ಇನ್‌ಹೇಲರ್ ಇವೆಲ್ಲ ಕೈಚೀಲದಲ್ಲೇ ಇರಬೇಕು. ಪ್ರವಾಸದ ದಿನಗಳಿಗಿಂತ ಐದಾರು ದಿನದಷ್ಟು ಹೆಚ್ಚು ಇರಲಿ. ಬಳಸದ ಇನ್ಸುಲಿನ್ ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಕೋಣೆಯ ಸಣ್ಣ ಫ್ರಿಜ್ ಎಷ್ಟು ತಂಪು ಎಂಬ ಭರವಸೆ ಇಲ್ಲ, ಅನುಮಾನವಾದರೆ ಹಡಗಿನ ಚಿಕಿತ್ಸಾಲಯದಲ್ಲಿ ಇಡಲು ಕೇಳಿ.

ಗಲ್ಫ್ ಮೂಲಕ ಹೋಗುವವರು ಗಮನಿಸಲೇಬೇಕಾದ ಸಂಗತಿ ಇನ್ನೊಂದಿದೆ. ಆ ಸಹೋದರಿ "ಕಾಲು ಉರಿಗೆ" ಎಂದ ಮಾತ್ರೆಯ ಪಟ್ಟಿಯನ್ನು ಮರುದಿನ ತರಿಸಿ ನೋಡಿದೆ. ಪ್ರಿಗಾಬಲಿನ್. ಸಕ್ಕರೆ ಕಾಯಿಲೆಯಿಂದ ನರ ಸೋತವರಿಗೆ ನಮ್ಮಲ್ಲಿ ದಿನನಿತ್ಯ ಬರೆದುಕೊಡುವ ಔಷಧಿ. ಯುಎಇಯಲ್ಲಿ ಅದು ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿದೆ. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಮತ್ತು ಕೆಮ್ಮಿನ ಸಿರಪ್ಪುಗಳೂ ಹಾಗೆಯೇ. ವೈದ್ಯರ ಚೀಟಿ, ಅಲ್ಲಿನ ಸರಕಾರದ ಮುಂಚಿತ ಆನ್‌ಲೈನ್ ಅನುಮತಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ತೊಂದರೆಗೆ ಸಿಲುಕಬಹುದು. ಹಾಗೆಂದು ಹೆದರಿ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಬರೆದುಕೊಟ್ಟ ವೈದ್ಯರನ್ನು ಕಂಡು ಮಾತಾಡಿ ಎಂದು ಅವರನ್ನು ಕಳುಹಿಸಿದೆ.

ನನ್ನ ಪದ್ಧತಿಯ ಮದ್ದುಗಳಿಗೂ ಇದು ಅನ್ವಯಿಸುತ್ತದೆ. ಗಸಗಸೆ ನಮ್ಮ ಅಡುಗೆ ಮನೆಯ ಸಾಮಾನು, ಯುಎಇಯಲ್ಲಿ ಅದು ನಿಷಿದ್ಧ ವಸ್ತು. ಖಮೀರಾ ಖಶ್‌ಖಾಶ್, ಶರ್ಬತ್ ಖಶ್‌ಖಾಶ್‌ಗಳಲ್ಲಿ ಇರುವುದು ಅದೇ ಗಿಡ. ಅವನ್ನು ಮನೆಯಲ್ಲೇ ಬಿಟ್ಟು ಹೋಗಿ. ಕಾಗದದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಚೂರ್ಣವನ್ನು ಯಾವ ಹಕೀಮರು ಕೊಟ್ಟಿದ್ದರೂ ಗಡಿ ದಾಟಿಸಬೇಡಿ. ಮಾಜೂನ್, ಖಮೀರಾಗಳ ತಳವೇ ಸಕ್ಕರೆ ಅಥವಾ ಜೇನು ಎಂಬುದನ್ನೂ ಮಧುಮೇಹಿಗಳು ನೆನಪಿಡಬೇಕು. "ಯುನಾನಿ ತಾನೇ, ಏನೂ ಆಗುವುದಿಲ್ಲ" ಎಂಬ ಮಾತು ಕೇಳಿದಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚು.

ವಿಮೆಯ ಅರ್ಜಿಯಲ್ಲಿ ನಮ್ಮ ತಮ್ಮ ಮಾಡಿದ್ದನ್ನೂ ಹೇಳಿಬಿಡುತ್ತೇನೆ. "ಮೊದಲೇ ಇರುವ ಕಾಯಿಲೆಗಳು" ಎಂಬ ಕಡೆ "ಇಲ್ಲ" ಎಂದು ಗುರುತು ಹಾಕಿದ್ದ. ಹಾಗೆ ಹಾಕಿದರೆ ಕಂತು ಕಡಿಮೆ ಎಂದು ಏಜೆಂಟ್ ಹೇಳಿದ್ದರಂತೆ. ಅಮ್ಮಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಬಿದ್ದದ್ದಕ್ಕೂ ಶುಗರಿಗೂ ಸಂಬಂಧವಿರಲಿಲ್ಲ, ಆದರೂ ಸುಳ್ಳು ಬರೆದ ಕಾಗದವನ್ನು ಮುಂದಿಟ್ಟು ಹಣ ಕೇಳುವ ಧೈರ್ಯ ನಮಗೆ ಬರಲಿಲ್ಲ. ಕೈಯಿಂದಲೇ ಕೊಟ್ಟೆವು. ಸುಳ್ಳು ಬರೆದದ್ದಕ್ಕೆ ಅದು ನ್ಯಾಯವಾದ ದಂಡ ಎಂದು ನಾನು ಅವನಿಗೆ ಹೇಳಿದೆ, ಅವನಿಗೆ ಸಿಟ್ಟು ಬಂತು. ಹಡಗಿನಿಂದ ರೋಗಿಯನ್ನು ದಡದ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಖರ್ಚು ಇದರ ಹತ್ತಾರು ಪಟ್ಟು. ವಿಮೆಯಲ್ಲಿ ಈ ಸಾಗಾಟದ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ಹಡಗಿನಲ್ಲಿ ವೈದ್ಯರು, ದಾದಿಯರು ಇರುತ್ತಾರೆ, ಆದರೆ ಅದು ಆಸ್ಪತ್ರೆಯಲ್ಲ. ಡಯಾಲಿಸಿಸ್, ಶಸ್ತ್ರಕ್ರಿಯೆಗಳನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ಈಚೆಗೆ ಎದೆನೋವು ಬಂದವರು, ಆಪರೇಷನ್ ಆದವರು ಈ ವರ್ಷ ಬಿಟ್ಟು ಮುಂದಿನ ವರ್ಷ ಹೋದರೆ ನಷ್ಟವೇನಿಲ್ಲ. ಗರ್ಭಿಣಿಯರನ್ನು 24 ವಾರ ತುಂಬಿದ ಮೇಲೆ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದೂ ಇಲ್ಲ.

ಊಟದ ಬಗ್ಗೆ ಬರೆಯದಿದ್ದರೆ ಓದುಗರು ಬಿಡಲಾರರು. ಹಂದಿ ಮಾಂಸ, ಮದ್ಯ ಎರಡೂ ಇರುವ ಅಡುಗೆ ಮನೆಯಿಂದ ಬರುವ ಊಟ ಅದು. ಹಲಾಲ್ ಬೇಕೆಂದು ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಅನುಮಾನ ಬಂದಾಗ ನಮ್ಮ ಹಿರಿಯರು ಏನು ಮಾಡುತ್ತಾರೆ ಗೊತ್ತೇ? ಮಾಂಸ ಬಿಡುತ್ತಾರೆ, ಸಾರು ಬಿಡುತ್ತಾರೆ, ಕೊನೆಗೆ ಬ್ರೆಡ್ಡು, ಜಾಮ್, ಕೇಕು, ಹಣ್ಣಿನ ರಸಗಳ ಮೇಲೆಯೇ ದಿನ ದೂಡುತ್ತಾರೆ. ಅಮ್ಮಿಯ ಶುಗರ್ ಮೂರೇ ದಿನದಲ್ಲಿ ಏರಿದ್ದು ಹೀಗೆ. ನಾವು ಅವರ ತಟ್ಟೆ ನೋಡಲೇ ಇಲ್ಲ, ನಮ್ಮ ನಮ್ಮ ತಟ್ಟೆ ತುಂಬಿಕೊಳ್ಳುವುದರಲ್ಲಿದ್ದೆವು. ಮೊಟ್ಟೆ, ಮೀನು, ಬೇಳೆ, ಮೊಸರು, ತರಕಾರಿ ಎಲ್ಲಿವೆ ಎಂದು ಮೊದಲ ದಿನವೇ ಮನೆಯ ಒಬ್ಬರು ಹುಡುಕಿ ತೋರಿಸಬೇಕು. ಹುರಿಗಡಲೆ, ಶೇಂಗಾದ ಪೊಟ್ಟಣ ಚೀಲದಲ್ಲಿರಲಿ, ದಡದಲ್ಲಿ ಸುತ್ತುವಾಗ ಶುಗರ್ ಕುಸಿದರೆ ಬೇಕಾಗುವ ಗ್ಲೂಕೋಸ್ ಪುಡಿಯೂ ಇರಲಿ. ಹೊಸ ಶೂ ಬೇಡ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಬೊಬ್ಬೆ ಎದ್ದದ್ದು ಸಂಜೆ ನೋಡಿದಾಗಲೇ ತಿಳಿಯುವುದು.

ಹಡಗಿನಲ್ಲಿ ಸಾವಿರಾರು ಜನ ಒಂದೇ ಚಮಚ, ಒಂದೇ ಕೈಗಂಬಿ ಮುಟ್ಟುತ್ತಾರೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಕೋವಿಡ್ ತಗಲಿದ್ದನ್ನು ಓದುಗರು ಮರೆತಿರಲಾರರು. ಆದರೆ ಕ್ರೂಸ್‌ಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವುದು ನೊರೊ ವೈರಸ್. ಒಮ್ಮೆಗೇ ವಾಂತಿ, ಭೇದಿ, ಹೊಟ್ಟೆನುಲಿ. ತಗಲಿದ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಂಡು ಒಂದೆರಡು, ಹೆಚ್ಚೆಂದರೆ ಮೂರು ದಿನ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಹಾದುಹೋಗುವ ಕಾಟ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವ ಅಜ್ಜಿಗೆ, ಎರಡು ವರ್ಷದ ಮಗುವಿಗೆ ಅದು ಹಾಗಲ್ಲ. ಬಾಗಿಲಲ್ಲಿಟ್ಟಿರುವ ಸ್ಯಾನಿಟೈಸರ್ ಈ ವೈರಸ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಇಪ್ಪತ್ತು ಸೆಕೆಂಡು ತಿಕ್ಕಿ ತೊಳೆಯಬೇಕು. ದಿನಕ್ಕೆ ಐದು ಬಾರಿ ಕೈ ತೊಳೆಯುವವರು ನಾವು ಎಂಬ ಸಮಾಧಾನ ಬೇಡ. ವುಝೂವಿನಲ್ಲಿ ನೀರಿದೆ, ಸಾಬೂನಿಲ್ಲ. ಬಫೆಯಲ್ಲಿ ಬಡಿಸಿಕೊಂಡ ಮೇಲೆ, ಊಟಕ್ಕೆ ಕೈ ಹಾಕುವ ಮೊದಲು ಮತ್ತೊಮ್ಮೆ ತೊಳೆಯುವುದು ಕೈಯಲ್ಲೇ ಉಣ್ಣುವ ನಮಗೆ ಇನ್ನೂ ಮುಖ್ಯ.

ಭೇದಿ ಆದವರು ಅದನ್ನು ಮುಚ್ಚಿಡುವುದು ನನಗೆ ಸಿಟ್ಟು ತರಿಸುವ ವಿಷಯ. ಹೇಳಿದರೆ ಕೋಣೆಯಲ್ಲಿ ಕೂರಿಸುತ್ತಾರೆ, ಕೊಟ್ಟ ಹಣ ಹಾಳು ಎಂಬ ಲೆಕ್ಕಾಚಾರ. ನಿಮ್ಮ ಒಂದು ದಿನದ ಬಫೆಗಾಗಿ ಪಕ್ಕದ ಮೇಜಿನ ಯಾರದೋ ತಾಯಿ ಡ್ರಿಪ್ ಹಾಕಿಸಿಕೊಳ್ಳಬೇಕೇ? ನಿಂತ ಮೇಲೂ ಎರಡು ದಿನ ಬೇರೆಯವರಿಂದ ದೂರವಿರಬೇಕು. ಓಆರ್‌ಎಸ್ ಪೊಟ್ಟಣಗಳನ್ನು ಮನೆಯಿಂದಲೇ ಒಯ್ಯಿರಿ.

ಇನ್ನು ಆ ಸಹೋದರಿ ಕೇಳಿದ ವಾಂತಿ. ಒಳಗಿವಿ ಅಲುಗಾಟವನ್ನು ಹೇಳುತ್ತದೆ, ಕೋಣೆಯ ಗೋಡೆ ನೋಡುವ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ, ಈ ಜಗಳದಿಂದ ಹೊಟ್ಟೆ ತೊಳಸುತ್ತದೆ. ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆಯಲ್ಲಿ ಅಲುಗಾಟ ಕಡಿಮೆ. ಅವು ಸಾಮಾನ್ಯವಾಗಿ ಅಗ್ಗವೂ ಹೌದು. ತಲೆ ಸುತ್ತಿದಾಗ ಮೊಬೈಲ್ ಬಿಟ್ಟು ಹೊರಗೆ ಬಂದು ದೂರದ ದಿಗಂತ ನೋಡಬೇಕು. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಸಮುದ್ರಯಾನಿಗಳ ಪಥ್ಯಕ್ಕೆಂದೇ ಜಾಗ ಕೊಟ್ಟಿದ್ದಾರೆ. ಮೊದಲ ದಿನಗಳ ವಾಂತಿಯನ್ನು, ಅತಿಯಾಗದಿದ್ದರೆ, ಬಲವಂತವಾಗಿ ತಡೆಯಬೇಡಿ, ತಾನಾಗಿ ಶಮನವಾಗುತ್ತದೆ ಎಂಬುದು ಅವರ ಸಲಹೆ. ದಾಳಿಂಬೆ, ಸೇಬಿನಂಥ ಹಣ್ಣುಗಳನ್ನು ಹೇಳುತ್ತಾರೆ. ಅದೇ ಕಡೆ ಮೂಗಿನೊಳಗೆ ಸೀಸದ ಬಿಳಿ ಭಸ್ಮ ಸವರುವುದನ್ನೂ ಹೇಳಿದ್ದಾರೆ. ಸೀಸ ವಿಷ ಎಂಬುದು ಇಂದು ನಮಗೆ ಗೊತ್ತು. ಹಿರಿಯರಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವಿಲ್ಲದೆ ಯುನಾನಿ ಓದಿ ಪ್ರಯೋಜನವಿಲ್ಲ.

ನಾನು ಕೊಡುವುದು ಶುಂಠಿ. ಶುಂಠಿ ಚಹಾ, ಒಣಶುಂಠಿ ಚೂರು, ಶುಗರ್ ಇಲ್ಲದವರಿಗೆ ಜವಾರಿಶ್ ಝಂಜಬೀಲ್ ಅಥವಾ ಜವಾರಿಶ್ ಅನಾರೈನ್. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿಯನ್ನೂ ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮೊದಲು ಕೇಳಬೇಕು. ಔಷಧಿ ಅಂಗಡಿಯ ವಾಂತಿ ಮಾತ್ರೆ ಹೊರಡುವ ಮೊದಲೇ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮಂಪರು ಬರಿಸುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇರುವ ಹಿರಿಯರಿಗೆ ಅವುಗಳಲ್ಲಿ ಕೆಲವು ಒಗ್ಗುವುದಿಲ್ಲ. ಮಂಪರಿನಲ್ಲಿ ಎದ್ದು ಬಾತ್‌ರೂಂಗೆ ಹೋಗುವ ಅಜ್ಜಿಯನ್ನು ನೆನೆದರೆ ನನಗೆ ಮತ್ತೆ ಆ ಹೊಸ್ತಿಲು ಕಣ್ಣಿಗೆ ಬರುತ್ತದೆ.

ಮೊದಲ ಯಾತ್ರೆಗೇ ಏಳು ರಾತ್ರಿ ಏಕೆ ಎಂಬುದು ನನ್ನ ಪ್ರಶ್ನೆ. ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ 2021ರಿಂದ ವಿಹಾರ ನೌಕೆಗಳು ಓಡುತ್ತಿವೆ, ಎರಡು ಮೂರು ರಾತ್ರಿಗಳಲ್ಲಿ ಮುಗಿಯುವ ಪ್ರವಾಸಗಳಿವೆ. ಮಾತ್ರೆಗಳ ಅನುಮತಿಯ ತಲೆನೋವಿಲ್ಲ. ಮಳೆಗಾಲದಲ್ಲಿ ಅರಬಿ ಸಮುದ್ರ ಒರಟು, ಆ ತಿಂಗಳು ಬಿಟ್ಟರಾಯಿತು. ಗಲ್ಫ್‌ಗೇ ಹೋಗುವುದಾದರೆ ನವೆಂಬರಿನಿಂದ ಮಾರ್ಚ್‌ವರೆಗೆ ಹವೆ ಹಿತ, ಆಗಲೂ ಶಮಾಲ್ ಗಾಳಿ ಬೀಸಿದ ದಿನ ಅಲೆಯೇಳುತ್ತದೆ. ಹಡಗು ಬೇರೆ ದೇಶ ಮುಟ್ಟಿ ದುಬೈಗೆ ಮರಳುವುದರಿಂದ ಒಂದೇ ಪ್ರವೇಶದ ವೀಸಾ ಸಾಕೇ ಎಂದು ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮಾತು, ಹೆಂಗಸರ ಪರವಾಗಿ. ಹಿರಿಯರ ಕೋಣೆಯಲ್ಲಿ ಯಾರು ಮಲಗುತ್ತಾರೆ, ಯಾವ ದಿನ ಯಾರು ದಡಕ್ಕಿಳಿಯದೆ ಅವರ ಜೊತೆ ಉಳಿಯುತ್ತಾರೆ ಎಂಬುದನ್ನು ಊರಲ್ಲೇ ಕುಳಿತು ಹಂಚಿಕೊಳ್ಳಿ. ಹಂಚಿಕೊಳ್ಳದಿದ್ದರೆ ಅದು ಸೊಸೆಯ ಪಾಲಿಗೋ ಮಗಳ ಪಾಲಿಗೋ ಬರುತ್ತದೆ. ಅಮ್ಮಿ ಬಿದ್ದ ಮೇಲೆ ಉಳಿದ ನಾಲ್ಕು ದಿನ ನಾನು ಕಂಡದ್ದು ಕೋಣೆಯ ಕಿಟಕಿಯಷ್ಟೇ ಸಮುದ್ರ. ತಮ್ಮನಿಗೆ ಸರದಿ ಹೇಳಿದ್ದರೆ ಅವನೂ ಕೂರುತ್ತಿದ್ದ, ಹೇಳುವ ಅಭ್ಯಾಸ ನಮಗಿಲ್ಲ.

ಆ ಸಹೋದರಿಯ ಅತ್ತೆಯನ್ನು ಎರಡನೆಯ ಸಲ ಬಂದಾಗ ನೇರವಾಗಿ ಕೇಳಿದೆ: "ಖಾಲಾ, ನಿಮಗೆ ಹೋಗಬೇಕು ಅನಿಸುತ್ತದೆಯೇ?" ಮನೆಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಡಗು ನೋಡಬೇಕು ಬೇಟಿ, ಆದರೆ ಏಳು ದಿನ ಬೇಡ" ಎಂದರು. ಸೊಸೆ ಅಲ್ಲಿಂದಲೇ ಮೈದುನನಿಗೆ ಫೋನ್ ಮಾಡಿದರು. ಮೂರು ರಾತ್ರಿಯ ಹಡಗಿನಲ್ಲಿ ಹೊಸ್ತಿಲಿಲ್ಲದ ಕೋಣೆ ಸಿಗುತ್ತದೆಯೇ ಎಂದು ಈಗ ವಿಚಾರಿಸುತ್ತಿದ್ದಾರೆ.